ಡ್ಯಾಶ್‌ಬೋರ್ಡಿನ ಹಿಂದಿನ ಕೈ

ಘಾಟು, ಇನ್ನೂ ಇದೆ ಘಾಟು, ಎಷ್ಟೋ ವರ್ಷದ ಹಿಂದಿನ ಮೆಣಸಿನಕಾಯಿಯದು, ಹಲಗೆಯ ಹಿಂದಿನ ಕತ್ತಲೆಯಿಂದ ಸಣ್ಣಗೆ ಎದ್ದು ಬಂದು ಮೂಗಿನ ತುದಿಯಲ್ಲಿ ಕುಳಿತಿದೆ, ಸೀನು ಬಂದಂತಾಗಿ ಬಾರದೆ ನಿಲ್ಲುತ್ತದೆ, ಸೀನಿದರೆ ಕೈ ಅಲುಗುತ್ತದೆ, ಕೈ ಅಲುಗಿದರೆ ನಟ್ಟು ಬೀಳುತ್ತದೆ, ನಟ್ಟು ಬಿದ್ದರೆ ಮತ್ತೆ ಮೊದಲಿನಿಂದ — ಸುಲಭಾ ಉಸಿರು ಬಿಗಿಹಿಡಿದಳು, ಕೆನ್ನೆಯನ್ನು ಡ್ಯಾಶ್‌ಬೋರ್ಡಿನ ಹೊಸ ತೇಗದ ಹಲಗೆಗೆ ಆನಿಸಿ, ಬಲಗೈಯನ್ನು ಅದರ ಕೆಳಗಿನಿಂದ ಮೇಲಕ್ಕೆ, ತಂತಿಗಳ ನಡುವೆ, ತಗಡಿನ ಅಂಚುಗಳ ನಡುವೆ ತೂರಿಸಿಕೊಂಡು, ಎರಡೇ ಸೀಟಿನ ಈ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಅರ್ಧ ಕುಳಿತು ಅರ್ಧ ಮಲಗಿ. ಕಣ್ಣೆದುರಿಗೆ ಒಂದು ಗೇಣು ದೂರದಲ್ಲಿ ಹಲಗೆಯ ದೊಡ್ಡ ದುಂಡು ತೂತು, ವೇಗದ ಮೀಟರು ಕೂರಬೇಕಾದದ್ದು, ಇನ್ನೂ ಖಾಲಿ, ಆ ತೂತಿನೊಳಗೆ ನಾಲ್ಕು ಬೆರಳು. ತನ್ನವೇ. ಪಕ್ಕದ ಮನೆಯವರು ಕಿಟಕಿಯಲ್ಲಿ ಬಂದು ನಿಂತಂತೆ ನಿಂತಿವೆ, ಗುರುತಿದೆ, ಮಾತಿಲ್ಲ. ಹಿಡದೀಯೇನು? ಗಂಡ ವಿಜಯೇಂದ್ರ, ಸ್ಟೇರಿಂಗು ಬಿಚ್ಚಿಟ್ಟ ಪಕ್ಕದ ಸೀಟಿನಿಂದ, ಪೆಟ್ರೋಲಿನ ಚಿಕ್ಕ ಮೀಟರನ್ನು ಮುಂದಿನಿಂದ ಒತ್ತಿಕೊಂಡು. ಹಿಡದೀನಿ. ಬಿಡಬ್ಯಾಡ ಮತ್ತ. ಇಲ್ಲ, ಬಿಡೂದಿಲ್ಲ. ಆದರೆ ಹಿಡಿದಿದ್ದಾಳೋ ಇಲ್ಲವೋ ಅವಳಿಗೆ ಗೊತ್ತಿಲ್ಲ, ಆ ಮೀಟರಿನ ಹಿಂದಿನ ನಟ್ಟು ಬೆರಳ ನಡುವೆ ಇದೆಯೇ ಜಾರಿತೇ ಎಂದು ತೂತಿನಲ್ಲಿ ನೋಡಿಯೇ ತಿಳಿಯಬೇಕು, ಯುಗಾದಿಗೂ ಮೊದಲಿನಿಂದ ಬಲಗೈಯ ಬೆರಳುಗಳು ಅವಳಿಗೆ ಏನನ್ನೂ ಹೇಳುತ್ತಿಲ್ಲ, ಬಿಸಿ ಹೇಳುವುದಿಲ್ಲ, ತಣ್ಣಗೆ ಹೇಳುವುದಿಲ್ಲ, ಅವಳೂ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಇವತ್ತು ಹೇಳಬೇಕು. ಈ ಮೀಟರು ಕೂತ ಮೇಲೆ ಹೇಳಿಬಿಡಬೇಕು.

ಮಣಿಕಟ್ಟಿನಲ್ಲಿ ಹಳದಿ ದಾರ. ಗಾಜಿನ ಬಳೆಗಳನ್ನು ತೆಗೆದು ಒರೆಸುವ ಬಟ್ಟೆಯ ಮೇಲೆ ಇಟ್ಟದ್ದಾಯಿತು, ಬಳೆ ಇದ್ದರೆ ಕೈ ಒಳಗೆ ಹೋಗುವುದಿಲ್ಲ, ಆದರೆ ಬರೀ ಕೈ ಇರಬಾರದು ಸುಲಭಾ, ಬಳಿ ತಗದ್ರ ದಾರಾನಾದ್ರೂ ಕಟ್ಟಿಕೋ — ಅತ್ತೆಯ ದನಿ, ಅತ್ತೆ ತೀರಿ ಎಷ್ಟೋ ಕಾಲವಾಯಿತು, ದನಿ ತೀರಿಲ್ಲ, ಗಂಡ ಗಾಡಿಯ ಕೆಲಸಕ್ಕೆ ಕರೆದಾಗಲೆಲ್ಲ ಅವಳು ಮೊದಲು ಹುಡುಕುವುದು ಹೊಲಿಗೆ ಡಬ್ಬಿ. ಅದೇ ಡಬ್ಬಿಯ ದಾರಗಳೇ ಈಗ ತಂತಿಗಳಿಗೂ, ಹಳೆಯ ಹಲಗೆ ಬಿಚ್ಚುವ ಮೊದಲು ಒಂದೊಂದು ತಂತಿಗೂ ಅವಳು ಒಂದೊಂದು ಬಣ್ಣ ಕಟ್ಟಿದ್ದಳು, ಪೆಟ್ರೋಲಿಗೆ ನೀಲಿ, ಆಯಿಲಿಗೆ ಹಸಿರು, ದೀಪಗಳಿಗೆ ಹಳದಿ, ಯಾವುದು ಎಲ್ಲಿಂದ ಬಂತು ಎಂದು ತಿಳಿಯದಿದ್ದರೆ ಎಲ್ಲಿಗೆ ಹೋಗಬೇಕೆಂದೂ ತಿಳಿಯುವುದಿಲ್ಲ. ಅಕ್ಕಾರ ಗಾಡಿಗೂ ಬಳಿ ತೊಡಿಸ್ಯಾರ ನೋಡ್ರಿ ಸಾಹೇಬ್ರ, ಉಡಿ ತುಂಬೂದೊಂದು ಬಾಕಿ ಐತಿ. ಇದು ಫಕ್ಕೀರಸಾಬ, ಶೆಡ್ಡಿನ ಬಾಗಿಲಲ್ಲಿ ಸ್ಟೂಲು ಹಾಕಿ ಕೂತವನು, ಹಲಗೇರಿ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದ, ಈಗ ಮಗನಿಗೆ ಬಿಟ್ಟು ಚಹಾ ಕುಡಿಯಲು ಇಲ್ಲಿಗೆ ಬರುತ್ತಾನೆ. ಈ ಗಾಡಿಗೆ ಎರಡ ಸೀಟು ಯಾಕ ಇಟ್ಟಾರ ಗೊತ್ತೇನ್ರಿ ಅಕ್ಕಾರ, ಒಂದು ಓಡಸಾವಗ, ಇನ್ನೊಂದು ತಳ್ಳಾವಗ. ಸುಮ್ನಿರೋ ಮಾರಾಯ, ಭಾನುವಾರ ಹುಬ್ಬಳ್ಳಿಗೆ ಹೋಗಿ ತೋರಸ್ತೀನಿ, ಹಳೇ ಗಾಡಿಗೋಳ ಪ್ರದರ್ಶನದ ಸಾಲಿನಾಗ ನಮ್ಮದ ಮೊದಲ ನಿಲ್ಲತದ, ಸುಲಭಾನೂ ಬರ್ತಾಳ, ಏನ ಸುಲಭಾ? ಹೂಂ. ಇನ್ನೊಂದು ಸುತ್ತು ತಿರುಗಿಸು. ಹೂಂ. ತಿರುಗಿತೇ? ತೂತಿನಲ್ಲಿ ಬೆರಳು ಅಲುಗಿದ್ದು ಕಂಡಿತು, ತಿರುಗಿರಬೇಕು.

ಸೊಂಟ ಹಿಡಿದಿದೆ, ಗೇರಿನ ಹಿಡಿ ಪಕ್ಕೆಗೆ ಚುಚ್ಚುತ್ತಿದೆ, ಪಕ್ಕೆಗೆ ಚುಚ್ಚಿದ್ದು ಎಷ್ಟು ಚೆನ್ನಾಗಿ ತಿಳಿಯುತ್ತದೆ, ಹಾವೇರಿಯ ಡಾಕ್ಟರು, ಮಗಳ ವಯಸ್ಸಿನವರು, ಕಣ್ಣು ಮುಚ್ಚಿರಿ ಎಂದಿದ್ದರು, ಬೆರಳಿಗೆ ಸೂಜಿ ಚುಚ್ಚತೀನಿ, ಗೊತ್ತಾದ ಕೂಡಲೇ ಹೇಳ್ರಿ, ಅವಳು ಕಣ್ಣು ಮುಚ್ಚಿ ಕಾದಳು, ಫ್ಯಾನು ತಿರುಗುವ ಸದ್ದು, ಹೊರಗೆ ಯಾರದೋ ಕೂಸು ಅಳುವುದು, ಇನ್ನೂ ಯಾಕೆ ಚುಚ್ಚುತ್ತಿಲ್ಲ ಈ ಹುಡುಗಿ ಎಂದು ಕಾದಳು, ಆಮೇಲೆ ಡಾಕ್ಟರು ಮೆತ್ತಗೆ, ಚುಚ್ಚಿ ಆತ್ರಿ, ಕಣ್ಣು ತಗೀರಿ. ಮಣಿಕಟ್ಟಿನ ಹತ್ತಿರ ನರ ಒತ್ತಿಕೊಂಡದ, ಬಾಳ ತಡಾ ಮಾಡೀರಿ, ಸಣ್ಣ ಆಪರೇಶನ್ನು, ಇನ್ನೂ ಮುಂದ ಹಾಕಿದ್ರ ಸ್ಪರ್ಶ ತಿರುಗಿ ಬರೂದಿಲ್ಲ, ಈ ಕೈಲೆ ಬಿಗಿ ಹಿಡಿಯೋ ಕೆಲಸ ಏನೂ ಬ್ಯಾಡ, ಮುಂದಿನ ಸೋಮವಾರ ಮನಿಯವರನ್ನ ಕರಕೊಂಡು ಬರ್ರಿ. ಹೆಸರೇನ್ರಿ ಎಂದು ಬಾಗಿಲ ಬಳಿ ಚೀಟಿ ಬರೆಯುವ ಹುಡುಗಿ ಕೇಳಿದಾಗ ಬಾಯಿಗೆ ಬಂದದ್ದು ರಂಜನಾ, ತವರಿನ ಹೆಸರು, ಮದುವೆಯ ದಿನ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಇವರು ಉಂಗುರದಿಂದ ಸುಲಭಾ ಎಂದು ಬರೆದ ಮೇಲೆ ಯಾರೂ ಕರೆಯದ ಹೆಸರು, ಅಕ್ಕಿ ಆಮೇಲೆ ಅನ್ನವಾಯಿತು, ಹೆಸರು ಉಳಿಯಿತು. ಕೈ ಸತ್ತದ್ದು ರಂಜನಾಳದು. ಸುಲಭಾಳದು ನೆಟ್ಟಗಿದೆ, ನೋಡಿ, ನಟ್ಟು ತಿರುಗಿಸುತ್ತಿದೆ. ಅವತ್ತು ಮನೆಯಲ್ಲಿ ಹೇಳಿದ್ದು ಓಣಿಯ ನಿರ್ಮಲಾನ ಸಂಗತೀಲೆ ಕಾಗಿನೆಲೆ ಗುಡಿಗೆ ಹೋಗಿ ಬರ್ತೀನಿ ಎಂದು, ಪ್ರಸಾದ ಎಲ್ಲಿಂದ ತರುವುದು, ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಸಕ್ಕರೆ ಫುಟಾಣಿ ಕಟ್ಟಿಸಿಕೊಂಡು ಬಂದಳು, ಇವರು ಅದನ್ನು ಕಣ್ಣಿಗೆ ಒತ್ತಿಕೊಂಡು ತಿಂದರು, ಛಲೋ ಅದ, ಇನ್ನೊಂಚೂರು ಕೊಡು ಎಂದರು. ನಗು ಬಂದಿತ್ತು. ಅಳುವೂ. ಯಾವುದು ಮೊದಲು ಬಂತೋ.

ಏನಂತ ಹೇಳುವುದು, ಏನ್ರಿ, ನನ್ನ ಬೆರಳಿಗೆ ಏನೂ ತಿಳೀವಲ್ತು — ಇಷ್ಟೇ ಮಾತು, ಅಂಗಳ ಗುಡಿಸುವ ಹೊಳಿಯವ್ವನಿಗೆ ಆಗಲೇ ಅರ್ಧ ತಿಳಿದಿದೆ, ರಂಗೋಲಿ ನೀವ ಹಾಕೂದ ಬಿಟ್ರಿ ಯಾಕ್ರೀ ಎಂದಳು ಒಮ್ಮೆ, ಸೊಂಟ ನೋವು ಎಂದಾಯಿತು, ಪುಡಿ ಬೆರಳಿಂದ ಗೆರೆಯಾಗಿ ಇಳಿಯದೆ ಗುಪ್ಪೆಯಾಗಿ ಬೀಳುತ್ತಿತ್ತು, ಒಗ್ಗರಣೆ ಸೌಟಿನ ಹಿಡಿ ಕಾದದ್ದು ತಿಳಿಯದೆ ಚರ್ಮ ಸುಟ್ಟ ವಾಸನೆ ಬಂದ ಮೇಲೆ ಬಿಟ್ಟದ್ದು, ಇವರು ಊಟ ಮಾಡುತ್ತ, ಏನೋ ಸೀದದ ನೋಡು ಎಂದದ್ದು. ಇವರು ಕೆಟ್ಟವರಲ್ಲ. ಎಂದೂ ದನಿ ಎತ್ತಿದವರಲ್ಲ. ಮದುವೆಯಾದ ಹೊಸದರಲ್ಲಿ ಕದರಮಂಡಲಗಿ ಹಣಮಪ್ಪನ ಗುಡಿಗೆ ಹೊರಟಾಗ ಇದೇ ಗಾಡಿ ಮೋಟೆಬೆನ್ನೂರಿನ ಹತ್ತಿರ ನಿಂತುಬಿಟ್ಟಿತು, ಸುತ್ತ ಬಿಸಿಲು, ಅವಳು ರೇಷ್ಮೆ ಸೀರೆ, ಇವರು ಗಾಡಿಯ ಹಿಂದೆ ಮುಂದೆ ಓಡಾಡಿ ಬೆವತು ಕೊನೆಗೆ ಅವಳ ಕೈ ನೋಡಿದರು, ಮುಖವನ್ನಲ್ಲ, ಕೈಯನ್ನು, ನಿನ್ನ ಕೈ ಎಷ್ಟು ಸಣ್ಣದದ, ಇದರ ಹಿಂದ ಒಂಚೂರು ಹಾಕ್ತೀಯೇನು? ಹಾಕಿದಳು. ಕತ್ತಲೆಯಲ್ಲಿ ಬೆರಳೇ ಕಣ್ಣಾಗಿ, ಬಿಚ್ಚಿಕೊಂಡ ಒಂದು ತಂತಿ ಸಿಕ್ಕಿತು, ಅದು ಕೂರಬೇಕಾದ ಜಾಗವೂ ಸಿಕ್ಕಿತು, ಹಾರ್ನು ಭೋ ಎಂದಿತು, ಗಾಡಿ ಹೊರಟಿತು, ಇವರು ಊರು ಬರುವವರೆಗೂ ಒಂದೇ ಕೈಯಲ್ಲಿ ಗಾಡಿ ಓಡಿಸಿದರು, ಇನ್ನೊಂದು ಕೈಯಲ್ಲಿ ಅವಳ ಎಣ್ಣೆ ಮೆತ್ತಿದ ಬೆರಳುಗಳು. ಅಷ್ಟು ಹೊತ್ತು ಯಾರೂ ಅವಳ ಕೈ ಹಿಡಿದಿರಲಿಲ್ಲ, ಆಮೇಲೂ ಇಲ್ಲ. ಆವತ್ತಿನಿಂದ, ಸುಲಭಾ ಕೈ ಕೊಡು, ಬೋಲ್ಟು ಬಿತ್ತು ಕೈ ಕೊಡು, ಕೇಬಲ್ಲು ಸಿಗವಲ್ತು ಕೈ ಕೊಡು, ಮಗಳು ಹರಿಪ್ರಿಯಾ ತೊಟ್ಟಿಲಲ್ಲಿ ಅಳುತ್ತಿದ್ದರೂ ಒಂದ ನಿಮಿಷ, ಒಂದ ನಿಮಿಷ ಕೈ ಕೊಡು. ಇನ್ನು ಈ ಕೈ ಆಗೋದಿಲ್ಲ ಎಂದರೆ ಇವರು ಏನನ್ನು ನೋಡುತ್ತಾರೆ. ಮುಖವನ್ನು ನೋಡುತ್ತಾರೆಯೇ. ಈ ವಯಸ್ಸಿನಲ್ಲಿ, ಹೊಸದಾಗಿ.

ಅಪ್ಪನ ಕಾಲದ ಹಲಗಿ ನೋಡೋ ಫಕ್ಕೀರ, ಹೆಂಗ ಸೀಳೇದ. ಹಳೆಯದು ಗೋಡೆಗೆ ಒರಗಿದೆ, ಮೀಟರುಗಳಿಲ್ಲದ ತೂತುಗಳೊಡನೆ, ಮಾವ ಪ್ರಭಾಕರರಾಯರು ಹಾವೇರಿ ಕೋರ್ಟಿನ ವಕೀಲರು, ಫೀ ಕೊಡಲಾಗದ ಯಾರೋ ಕಕ್ಷಿದಾರ ಈ ಗಾಡಿಯನ್ನೇ ಬಿಟ್ಟುಹೋದನಂತೆ, ಮನೆಯಲ್ಲಿ ಜಾಗವಿಲ್ಲವೆಂದು ಬ್ಯಾಡಗಿಯ ಗೆಳೆಯರ ಮೆಣಸಿನಕಾಯಿ ಗೋದಾಮಿನಲ್ಲಿ ನಿಲ್ಲಿಸಿದ್ದರು, ರಜೆಯಲ್ಲಿ ಇವರು ಹುಡುಗರೆಲ್ಲ ಸೇರಿ ಅಲ್ಲೇ ಆಟ, ಪುಡಿ ನಾಲಿಗೆಗೆ ಹಚ್ಚಿ ಯಾವ ಚೀಲದ ಮಾಲು ಎಂದು ಹೇಳುವ ಪಂದ್ಯ, ಆ ಚಾಳಿ ಹೋಗಿಲ್ಲ, ಕಿರಾಣಿ ಅಂಗಡಿಯಲ್ಲೂ ನಾಲಿಗೆ ಚಾಚುತ್ತಾರೆ, ನಿನ್ನೆ ಹಲಗೆ ಬಿಚ್ಚಿದಾಗ ಉದುರಿದ ಕೆಂಪು ಧೂಳನ್ನೂ ಬೆರಳಿಗೆ ಒತ್ತಿ ನಾಲಿಗೆಗೆ ಇಟ್ಟು, ಇನ್ನೂ ಜೀವ ಅದ ನೋಡು ಸುಲಭಾ ಇದರಾಗ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಧೂಳಿಗೆ ಜೀವವಿದೆ. ಅದನ್ನು ನಾಲಿಗೆಗೆ ಹಚ್ಚಿ ನೋಡುವವರಿದ್ದಾರೆ. ಕತ್ತು ನೋಯುತ್ತಿದೆ, ಸಾಕು, ಈ ನಟ್ಟೊಂದು ಕೂತರೆ ಎದ್ದು ಒಳಗೆ ಹೋಗಿ ಮಲಗಬೇಕು, ಹೇಳುವುದು ಊಟವಾದ ಮೇಲೆ, ಅಥವಾ ಭಾನುವಾರ ಕಳೆದ ಮೇಲೆ, ಭಾನುವಾರ ಪಕ್ಕದ ಸೀಟಿನಲ್ಲಿ ಕೂತು ಹೋಗುವಾಗ, ಅಲ್ಲ, ಸೋಮವಾರ ಎಂದಿದ್ದಾರೆ ಡಾಕ್ಟರು, ಸೋಮವಾರ — ಇನ್ನ ಅರ್ಧ ಸುತ್ತು, ಜೋರಲೆ, ಹಾಂ, ಹಂಗ. ಜೋರು ಎಂದರೆ ಎಷ್ಟೆಂದು ಬೆರಳಿಗೆ ತಿಳಿಯದು, ಭುಜದಿಂದ ದೂಡಿದಳು, ತಗಡಿನ ಕಡೆಗೆ ಕೈ ಸರಿಯಿತು, ಸರಿದದ್ದು ಭುಜಕ್ಕೆ ಗೊತ್ತಾಯಿತು, ಅಷ್ಟೇ.

ತೂತಿನೊಳಗೆ ಬೆರಳುಗಳು ಕೆಂಪಗಾಗಿದ್ದವು. ತುದಿಯಲ್ಲಿ ಮೊದಲು, ಆಮೇಲೆ ಗೆಣ್ಣಿನವರೆಗೆ, ತೇಗದ ದುಂಡನೆಯ ಅಂಚಿನ ಮೇಲೂ ಒಂದು ಕೆಂಪು ಗೆರೆ, ಇವರೂ ನೋಡಿದರು, ನಕ್ಕರು, ಅಪ್ಪನ ಖಾರ ಇನ್ನೂ ಮುಗಿದಿಲ್ಲ ನೋಡೋ ಫಕ್ಕೀರ, ಉದರಲಿಕ್ಕತ್ತದ, ಎಂದು ಬೆರಳಿನಿಂದ ಆ ಗೆರೆಯನ್ನು ಬಳಿದು ನಾಲಿಗೆಗೆ ಇಟ್ಟುಕೊಂಡರು. ಕಣ್ಣು ಕಿರಿದಾಗಲಿಲ್ಲ. ಹುಬ್ಬು ಗಂಟಾಯಿತು. ಖಾರ ಇಲ್ಲಲಾ, ಉಪ್ಪುಪ್ಪ ಹತ್ತತದ — ಪೆಟ್ರೋಲಿನ ಮೀಟರನ್ನು ಒತ್ತಿಕೊಂಡಿದ್ದ ಕೈ ಕೆಳಗಿಳಿಯಿತು, ಫಕ್ಕೀರಸಾಬ ಸ್ಟೂಲಿನಿಂದ ಎದ್ದ, ಯಾ ಅಲ್ಲಾ, ಅಕ್ಕಾರ, ಕೈ ಅಲುಗಿಸಬ್ಯಾಡ್ರಿ, ತಗಡು ಕೊಯ್ದೈತಿ, ಕೊಯ್ದ ಗಾಯದ ಮೇಲೆ ಧೂಳು ಉದುರುತ್ತಲೇ ಇದೆ, ಎಷ್ಟೋ ವರ್ಷದ ಮೆಣಸಿನ ಪುಡಿ, ಇನ್ನೂ ಜೀವವಿರುವ ಪುಡಿ, ಒದ್ದೆಯಲ್ಲಿ ಕರಗಿ ಒಳಗೆ ಇಳಿಯುತ್ತಿದೆ. ಸುಲಭಾ, ಉರೀಲಿಕ್ಕತ್ತಿಲ್ಲೇನು ನಿನಗ? ಇವರು ತೂತನ್ನು ಬಿಟ್ಟು ಈ ಕಡೆ ತಿರುಗಿದ್ದಾರೆ, ಕೆನ್ನೆ ಹಲಗೆಗೆ ಆನಿಸಿದ ಅವಳ ಮುಖದ ಕಡೆಗೆ, ತುಟಿಯ ಮೇಲೆ ಅವಳ ರಕ್ತ, ಸುಲಭಾ, ಉರಿಯಂಗಿಲ್ಲ? ಎಷ್ಟು ದಿನ ಕಟ್ಟಿಟ್ಟ ಮಾತು, ಏನ್ರಿ ಎಂದು ಶುರುಮಾಡಬೇಕಿತ್ತು, ಹಾವೇರಿ, ಸೂಜಿ, ಸೋಮವಾರ, ಎಲ್ಲ ಸಾಲಾಗಿ ಇಟ್ಟುಕೊಂಡಿದ್ದಳು, ಯಾವುದೂ ಬರಲಿಲ್ಲ, ಇಲ್ಲ ಎಂದಳು, ಇಲ್ರಿ, ಏನೂ ಇಲ್ಲ, ಎಷ್ಟೋ ದಿವಸ ಆತು, ಎಂದು ಅವರನ್ನು ನೋಡಲು ಹೊರಟವಳ ಕಣ್ಣು ಅರ್ಧಕ್ಕೇ ನಿಂತಿತು, ಅಲ್ಲಿಂದ ಕೀಳಲು ಬರಲಿಲ್ಲ — ದುಂಡು ತೂತಿನೊಳಗೆ ನಾಲ್ಕು ಬೆರಳು, ಕೆಂಪಗೆ, ನಟ್ಟನ್ನು ಇನ್ನೂ ಬಿಡದೆ ಹಿಡಿದುಕೊಂಡು.