ಮಾಸ್ತರರ ಅಡುಗೆಮನೆಯ ಲಂಬಕೋನ

೧೯೬೮ರ ಮೇ ತಿಂಗಳ ಒಂದು ಮುಂಜಾನೆ, ಆರು ಗಂಟೆ ಹತ್ತು ನಿಮಿಷಕ್ಕೆ, ಜಮಖಂಡಿಯ ಗಣಿತದ ಶ್ರೀಧರ ಮಾಸ್ತರರು ತಮ್ಮ ಹೊಸ ಮನೆಯ ಅಡುಗೆಮನೆಯಲ್ಲಿ ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ, ಗೋಡೆಯ ಬುಡ ನೋಡುತ್ತಿದ್ದರು. ಬೇಸಿಗೆಯಲ್ಲೂ ಬಿಚ್ಚದ ಕರಿ ಕೋಟು ಆಗಲೂ ಮೈಮೇಲಿತ್ತು.

ಸಾಧಿಸಿ ತೋರಿಸದ ಮಾತು ಅವರಿಗೆ ಮಾತೇ ಅಲ್ಲ. ಸಂತೆಯಲ್ಲಿ ಮಾರುವವಳು ಬದನೆಕಾಯಿ ಎಳೆಯದೆಂದರೂ "ಹೆಂಗಂತೀ?" ಎಂದು ಕೈಕಟ್ಟಿ ನಿಲ್ಲುವರು. ಪಾಯ ಹಾಕುವ ದಿನ ಗೌಂಡಿ ಹಣಮಪ್ಪ ಮೂಲೆ ನೋಡಲು ತಂದ ಕಬ್ಬಿಣದ ಗುಣ್ಯಾವನ್ನು ಬದಿಗಿಡಿಸಿ, ಬನಹಟ್ಟಿಯ ಹೊಸ ಹತ್ತಿದಾರದಿಂದ ಮೂರು, ನಾಲ್ಕು, ಐದು ಗಜದ ತ್ರಿಕೋನ ಎಳೆದು ತಾವೇ ಮೂಲೆ ಗುರುತಿಸಿದ್ದರು. ಊರಿಗೆಲ್ಲ ಲಂಬಕೋನದ ಮನೆ ಇದೊಂದೇ ಎಂದು ಸಾಲೆಯ ತುಂಬ ಹೇಳಿಯೂ ಆಗಿತ್ತು.

ಈಗ ಫರಸಿ ಹಾಸುತ್ತ ಬಂದರೆ ಕಲ್ಲುಗಳು ಈ ತುದಿಯಲ್ಲಿ ಗೋಡೆಗೆ ಅಂಟಿ, ಆ ತುದಿಯಲ್ಲಿ ಎರಡೂವರೆ ಇಂಚು ದೂರ. ಐದು ಗಜದ ಬದಿಯನ್ನು ಮಾಸ್ತರರು ಹುರುಪಿನಿಂದ ಜಗ್ಗಿದಾಗ ದಾರ ಹಿಗ್ಗಿತ್ತು. ತನ್ನ ಗುಣ್ಯಾ ಇಟ್ಟಿದ್ದರೆ ಹೀಗಾಗುತ್ತಿರಲಿಲ್ಲವೆಂದು ಹಣಮಪ್ಪ ಗೊಣಗಿದ. ಮಾಸ್ತರರು ಆ ಗುಣ್ಯಾ ಇಟ್ಟು ಒಂದು ಗೆರೆ ಎಳೆದು, ಅದೇ ಜಾಗದಲ್ಲಿ ಮಗುಚಿಟ್ಟು ಇನ್ನೊಂದು ಎಳೆದರು, ಗೆರೆಗಳು ಒಂದರ ಮೇಲೊಂದು ಕೂಡಲಿಲ್ಲ. ಅದೂ ಸೊಟ್ಟ. ಇಬ್ಬರೂ ಮುಖ ಮುಖ ನೋಡಿ ನಕ್ಕರು.

ಮಡದಿ ತುಳಸಾಬಾಯಿ ನಗಲಿಲ್ಲ. "ನಾಳಿ ವಾಸ್ತುಶಾಂತಿ ಅದ. ಗ್ವಾಡಿ ಕೆಡವ್ತೀರೋ, ಪ್ರಮೇಯ ಕೆಡವ್ತೀರೋ, ಲಗೂನ ಹೇಳ್ರಿ."

"ದಾರ ಹಿಗ್ಗಿದ್ರ ಪ್ರಮೇಯ ಏನ್ ಮಾಡೀತು?"

"ಹಂಗಾರ ಪ್ರಮೇಯದಾಗ ಅಡಿಗಿ ಮಾಡ್ಲೇನು?"

ಹಣಮಪ್ಪ ಬೆಣೆಯಂತೆ ಫರಸಿ ಕಡಿದು ಸಂದಿ ಮುಚ್ಚಿದ. ಗೋಡೆಯೇನೋ ಉಳಿಯಿತು, ಮಾಸ್ತರರ ಮಾನ ಉಳಿಯಬೇಕಿತ್ತು. ಮರುದಿನ ಅಡುಗೆಮನೆಯಲ್ಲೇ ಕೂತ ಪಂಕ್ತಿಯಲ್ಲಿ ಭೂಗೋಳದ ಕೃಷ್ಣಾಜಿ ಮಾಸ್ತರರು ಹೋಳಿಗೆ ಮುರಿಯುತ್ತ, ಆ ಮೂಲೆ ಎಷ್ಟು ಡಿಗ್ರಿಯದೆಂದು ಎಲ್ಲರಿಗೂ ಕೇಳುವಂತೆ ಕೇಳಿದರು. ಬೆಣೆಕಲ್ಲಿನ ಅಗಲದ ತುದಿಯ ಮೇಲೆ ತುಳಸಾಬಾಯಿ ಬೇಕೆಂದೇ ಹಂಡೆ ಇಟ್ಟಿದ್ದರು. ತೊಂಬತ್ತು ಎಂದಿದ್ದರೆ ಯಾರೂ ಅಳೆಯಲು ಏಳುತ್ತಿರಲಿಲ್ಲ.

ಪ್ರಮೇಯ ನಂಬುವವರಿಗೆ ಲೋಕ ತಿಳಿಯದೆಂದು ನಾವು ನಗುತ್ತೇವೆ. ಆದರೆ ನೆಟ್ಟನೆಯ ಗೆರೆಯನ್ನು ಮನಸ್ಸಿನಲ್ಲಿ ಕಂಡವರಿಗೇ ಗೋಡೆಯ ಸೊಟ್ಟ ಎದ್ದು ಕಾಣುವುದು. ಕಂಡದ್ದನ್ನು ಮುಚ್ಚಿಡುವುದು ಅಂಥವರ ಕೈಲಾಗದ ಕೆಲಸ. ಶ್ರೀಧರ ಮಾಸ್ತರರು ಎದ್ದರು, ಹಂಡೆ ಸರಿಸಿದರು, ಕೋಟಿನ ಗುಂಡಿ ಹಾಕಿಕೊಂಡು ಸಾಲೆಯ ದನಿಯಲ್ಲಿ ಹೇಳಿದರು:

"ತೊಂಬತ್ತೊಂದು."