ಬೇಕಾದ್ದು ಒಳಗಿರಬೇಕು

ಅಕ್ಕನ ಎಡಗೈಯಲ್ಲಿ ಇನ್ನೆಷ್ಟು ಬಲ ಉಳಿದಿದೆ ಎಂದು ತಿಳಿಯಲು ತಂಗಿ ಅಡುಗೆಮನೆಯ ಸಣ್ಣ ತಕ್ಕಡಿಯನ್ನು ತಂದು ಹಾಸಿಗೆಯ ಮೇಲಿಟ್ಟಳು. ಬೆರಳಿನ ಗಿಣ್ಣಿನಿಂದ ಒತ್ತಬೇಕು. ಅಕ್ಕ ಒತ್ತಿದಳು. ಮುಳ್ಳು ಒಂದು ಈರುಳ್ಳಿಯ ತೂಕದಷ್ಟು ಸರಿದು ನಿಂತಿತು.

"ಅಷ್ಟೇನಾ?"

"ಅಷ್ಟೇ ಅಕ್ಕ."

"ತಕ್ಕಡಿ ಕೆಟ್ಟಿರಬೇಕು ನೋಡು."

"ತಕ್ಕಡಿ ಸರಿಯಾಗಿದೆ."

"ಹಾಗಾದ್ರೆ ನಾನು ಕೆಟ್ಟಿದ್ದೀನಿ ಅನ್ನು. ಅದನ್ನ ಬಾಯಿಬಿಟ್ಟು ಹೇಳೋಕೂ ಹೆದರ್ತೀಯಲ್ಲೇ ಇಲಿಮರಿ. ನಿನ್ನ ಕಾಲೇಜಿಗೆ ಕಳಿಸೋ ಬದಲು ಒಂದು ಹಸು ಸಾಕಿದ್ರೆ ಹಾಲಾದ್ರೂ ಕರೀತಿತ್ತು."

ಲಕ್ವ ಹೊಡೆದು ಅಕ್ಕನ ಬಲಗೈ, ಬಲಗಾಲು ಬಿದ್ದುಹೋಗಿದ್ದವು; ಉಳಿದ ಎಡಗೈಯೂ ಸೊರಗಿತ್ತು. ನಾಲಿಗೆಗೆ ಏನೂ ಆಗಿರಲಿಲ್ಲ. ಹಲ್ಲಿನ ಸೆಟ್ಟು ಬಾಯಲ್ಲಿದ್ದಷ್ಟು ಹೊತ್ತು ಅವಳ ಮಾತು ಮೊದಲಿನಂತೆಯೇ ಚರ್ಮ ಸುಲಿಯುತ್ತಿತ್ತು. ಸೆಟ್ಟು ತೆಗೆದರೆ ಮಾತ್ರ ಅದೆಲ್ಲ ಬರೀ ಗಾಳಿ.

ಕೆಳಗೆ ಕಾರ್ಖಾನೆ, ಮೇಲೆ ಮನೆ. ಅಪ್ಪ ಅಮ್ಮ ಹೋದಾಗ ಅಕ್ಕನಿಗಿನ್ನೂ ಮದುವೆಯ ವಯಸ್ಸು. ನಡುವಿನವನು ಅಣ್ಣ, ಕೊನೆಯವಳು ತಂಗಿ; ಇಬ್ಬರೂ ಚಿಕ್ಕವರು. ಅಕ್ಕ ಮದುವೆಯ ಮಾತೆತ್ತದೆ ಅಪ್ಪನ ಮರಗೆಲಸದ ಅಂಗಡಿಯನ್ನು ಕಪಾಟಿನ ಕಾರ್ಖಾನೆ ಮಾಡಿದಳು. ಮಕ್ಕಳ ಕೈಗೆ ತೆರೆಯದ ಕಪಾಟು ಎಂದರೆ ಅವಳದ್ದೇ ಎಂದು ಹೆಸರಾಯಿತು. ಪರೀಕ್ಷೆಗೆ ಮಕ್ಕಳನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ, ಮನೆಯಲ್ಲೇ ಇದ್ದರು. ಹೊಸ ಚಿಲಕ ತಯಾರಾದಾಗಲೆಲ್ಲ ತಂಗಿಯ ಕನ್ನಡಕವನ್ನೋ ಅಣ್ಣನ ಟಾರ್ಚನ್ನೋ ಒಳಗಿಟ್ಟು ಬಾಗಿಲು ಹಾಕಿ, ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ಕನ್ನಡಕವಿಲ್ಲದೆ ತಂಗಿಗೆ ಚಿಲಕ ಎಲ್ಲಿದೆ ಎಂಬುದೇ ಕಾಣುತ್ತಿರಲಿಲ್ಲ. ಅಣ್ಣನಿಗೆ ಕತ್ತಲೆಂದರೆ ಭಯ. ದಿಂಬಿನ ಕೆಳಗೆ ಟಾರ್ಚಿಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಹಾಸಿಗೆ ಒದ್ದೆ.

"ಬೇಕಾದ್ದು ಒಳಗಿರಬೇಕು" ಎನ್ನುತ್ತಿದ್ದಳು ಅಕ್ಕ. "ಬೇಡದ್ದನ್ನ ಇಟ್ಟು ಆಡಿಸಿದ್ರೆ ಅದು ಪರೀಕ್ಷೆ ಅಲ್ಲ, ನಾಟಕ."

ಪರೀಕ್ಷೆ ನಡೆಯುವಾಗ ಯಾರೂ ಸ್ಕ್ರೂಡ್ರೈವರ್ ಮುಟ್ಟುವಂತಿರಲಿಲ್ಲ. ಮುಗಿದ ಮೇಲೆ ಎರಡನೇ ಸಲ ಅನ್ನುವುದು ಇರಲಿಲ್ಲ. ಮಗು ಅತ್ತರೆ ಚಿಲಕ ಪಾಸು. ಆಗ ಅವಳು ಸ್ಟೂಲಿನ ಮೇಲಿಂದಲೇ ಒಮ್ಮೆ ತಲೆಯಾಡಿಸಿ ಇಳಿದು ಬರುತ್ತಿದ್ದಳು. ಮಾರನೆಯ ದಿನ ಗಿರಾಕಿಗಳ ಮುಂದೆ, "ನಮ್ಮ ದೊರೆ ರಾತ್ರಿ ಮತ್ತೆ ಹಾಸಿಗೆ ತೋಯಿಸಿದ. ಚಿಲಕ ಗಟ್ಟಿಯಿದೆ, ಧೈರ್ಯವಾಗಿ ತಗೊಂಡು ಹೋಗಿ" ಎಂದು ನಗಿಸುತ್ತಿದ್ದಳು. ದೊರೆ ಅಲ್ಲೇ ಮೂಲೆಯಲ್ಲಿ ಮರದ ಪುಡಿ ಗುಡಿಸುತ್ತಿರುತ್ತಿದ್ದ.

ಈಗ ಕಾರ್ಖಾನೆ ಆ ದೊರೆಯ ಕೈಯಲ್ಲಿತ್ತು. ನಕ್ಷೆ ಬರೆಯುವುದು ತಂಗಿಯ ಕೆಲಸ. ಅಕ್ಕ ಮೇಲಿನ ಕೋಣೆಯಲ್ಲಿ ಮಲಗಿ ಚಮಚದಿಂದ ಮಂಚದ ಕಂಬಿ ಬಡಿಯುತ್ತಿದ್ದಳು. ಕನ್ನಡಕ ಕೊಡಿ. ಕರವಸ್ತ್ರ ಕೊಡಿ. ಹಲ್ಲು ಎಲ್ಲಿಟ್ರಿ? ಗರಗಸ ನಿಂತ ಕೂಡಲೇ ಚಮಚದ ಸದ್ದು ಕೇಳುತ್ತಿತ್ತು. ಗರಗಸ ನಿಲ್ಲಲಿ ಎಂದೇ ಅವಳು ಕಾಯುತ್ತಿದ್ದಾಳೆ ಎಂದು ಅಣ್ಣ ನಂಬಿದ್ದ.

"ವೃದ್ಧಾಶ್ರಮದಲ್ಲಿ ಮಾತಾಡಿದ್ದೀನಿ" ಎಂದ ಅವನೊಂದು ದಿನ, ಬಾಗಿಲಲ್ಲಿ ನಿಂತೇ. "ಅಲ್ಲಿನ ಮೇಲ್ವಿಚಾರಕಿ ಬಂದು ನೋಡ್ತಾರೆ. ಮೆಟ್ಟಿಲು ಹತ್ತಿ ಇಳಿದು ನನ್ನ ಮಂಡಿ ಚಿಪ್ಪು ಹೋಯ್ತು."

ಅವನು ಇಳಿದುಹೋದ ಮೇಲೆ ಅಕ್ಕ ತಂಗಿಯ ಸೆರಗಿನ ತುದಿ ಹಿಡಿದು, "ಗರಗಸದ ಸದ್ದಿಲ್ಲದ ಕಡೆ ನಂಗೆ ನಿದ್ದೆ ಬರಲ್ಲ. ಏನಾದ್ರೂ ಮಾಡೇ" ಎಂದಳು. ಹುಟ್ಟಿದಾಗಿನಿಂದ ತಂಗಿ ಅವಳ ಬಾಯಲ್ಲಿ ಇಂಥ ಮಾತು ಕೇಳಿರಲಿಲ್ಲ. ಕೇಳಿ ಖುಷಿಯೂ ಆಯಿತು. ಆ ಖುಷಿ ಮುಖದಲ್ಲಿ ಕಂಡೀತೆಂದು ಬೇಗ ಕಿಟಕಿಯ ಕಡೆ ತಿರುಗಿದಳು.

ತಂಗಿ ಒಂದು ಉಪಾಯ ಹೇಳಿದಳು: ಮಂಚದ ಪಕ್ಕಕ್ಕೊಂದು ತಿರುಗುವ ಗೂಡು ಮಾಡುವುದು, ಯಾರನ್ನೂ ಕರೆಯದೆ ಅಕ್ಕ ತನ್ನ ಸಾಮಾನು ತಾನೇ ತೆಗೆದುಕೊಂಡರೆ ಅವಳು ಇಲ್ಲೇ ಇರುವುದು. ಇದಕ್ಕೆ ಅಣ್ಣ ಒಪ್ಪಿದ, ಒಂದು ಷರತ್ತು ಹಾಕಿ. "ಆ ಮೇಡಂ ಮುಂದೇನೇ ತೆಗೀಬೇಕು. ತೆಗೆದ್ಲಾ, ಇರ್ಲಿ. ಇಲ್ವಾ, ಅವರ ಗಾಡೀಲೇ ಕಳಿಸಿಬಿಡೋದು."

ಗೂಡು ಎಂದರೆ ದುಂಡು ಡಬ್ಬಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ಒಂದು ಸೀಳನ್ನು ಮರದ ಪೆಟ್ಟಿಗೆಯೊಳಗೆ ನಿಲ್ಲಿಸಿದಂಥದ್ದು. ಮೂಲೆಯಲ್ಲೊಂದು ಉಕ್ಕಿನ ಸರಳು. ಅದರ ಸುತ್ತ ಸುರುಳಿ ಸ್ಪ್ರಿಂಗು, ಗೂಡನ್ನು ಸದಾ ಹೊರಕ್ಕೆ ತಳ್ಳುವಂಥದ್ದು. ಹಿಂದೆ ಒಂದು ಕೊಕ್ಕೆ, ಅದನ್ನು ಹಿಡಿದಿಡುವಂಥದ್ದು. ಗೂಡಿನ ಮುಖವನ್ನು ಒಮ್ಮೆ ಒತ್ತಿದರೆ ಕೊಕ್ಕೆ ಬಿಡುತ್ತದೆ, ಗೂಡು ಹೊರಳಿ ಕೈಯ ಬಳಿ ಬರುತ್ತದೆ. ಮತ್ತೆ ಒತ್ತಿದರೆ ಹಿಂದಕ್ಕೆ ಹೋಗಿ ಕೊಕ್ಕೆಗೆ ಸಿಕ್ಕುತ್ತದೆ. ಗುಂಡಿ ಒತ್ತುವ ಪೆನ್ನಿನ ಹಾಗೆ. ತೆರೆಯುವುದು ಸುಲಭ, ಅದನ್ನು ಸ್ಪ್ರಿಂಗೇ ಮಾಡುತ್ತದೆ. ಮುಚ್ಚುವಾಗ ಕೈ ಸ್ಪ್ರಿಂಗಿನ ಮೇಲೆ ಗೆಲ್ಲಬೇಕು, ಆ ಕೈಯಲ್ಲಿ ಇರುವುದು ಒಂದು ಈರುಳ್ಳಿಯಷ್ಟು ಬಲ. ಹಾಗಾಗಿ ತಂಗಿ ಸ್ಪ್ರಿಂಗನ್ನು ತೆಳ್ಳಗೆ ಮಾಡುತ್ತ ಹೋದಳು. ಬೆಳಿಗ್ಗೆ ಬೆಳಿಗ್ಗೆ, ಅಣ್ಣ ಕೆಳಗೆ ಯಂತ್ರ ಶುರು ಮಾಡಿದ ಮೇಲೆ, ಇಬ್ಬರೇ ಕೂತು ಒತ್ತಿ ನೋಡುತ್ತಿದ್ದರು. ಕೊನೆಗೆ ಹೂವು ಮುಟ್ಟಿದಂತೆ ಮುಟ್ಟಿದರೆ ಸಾಕು, ಗೂಡು ತೆರೆಯುತ್ತಿತ್ತು, ಮುಟ್ಟಿದರೆ ಮುಚ್ಚುತ್ತಿತ್ತು. ಒಮ್ಮೆಯೂ ತಪ್ಪಲಿಲ್ಲ.

"ಹೇಗಿದೆ ಅಕ್ಕ?"

"ಕೊಕ್ಕೆ ಬೀಳೋ ಸದ್ದು ಜಾಸ್ತಿ. ಬಣ್ಣ ದರಿದ್ರ" ಎಂದಳು ಅಕ್ಕ. ಆದರೆ ತಂಗಿ ಹೋದ ಮೇಲೂ ಒಬ್ಬಳೇ ತೆರೆದು ಮುಚ್ಚಿ ಮಾಡುತ್ತಿದ್ದುದು ಮೆಟ್ಟಿಲಿಗೆ ಕೇಳಿಸುತ್ತಿತ್ತು.

ಮೇಲ್ವಿಚಾರಕಿ ಬಂದ ದಿನ ಅಕ್ಕ ತಲೆ ಬಾಚಿಸಿಕೊಂಡು, ಇಸ್ತ್ರಿ ಮಾಡಿದ ಸೀರೆ ಉಟ್ಟು, ದಿಂಬಿಗೊರಗಿ ಕೂತಿದ್ದಳು. ಬಂದವಳು ದೊಡ್ಡ ಕೈಚೀಲದ ಹೆಂಗಸು, ಯಾರ ಮೇಲೂ ಸಿಟ್ಟಿಲ್ಲದವಳಂತೆ ಎಲ್ಲರಿಗೂ ನಗುವವಳು. ತಂಗಿ ಅಕ್ಕನ ಕನ್ನಡಕವನ್ನು ಗೂಡಿನಲ್ಲಿಡಲು ಹೋದಳು. ಅಣ್ಣ ತಡೆದ.

"ಕನ್ನಡಕ ಇಲ್ದಿದ್ರೂ ಅವಳಿಗೆ ನಡೆಯತ್ತೆ. ಬೇಕಾದ್ದು ಒಳಗಿರಬೇಕು, ಅಲ್ವಾ ಅಕ್ಕ? ಬಾಯಿ ತೆಗಿ."

ಅಕ್ಕ ಅವನನ್ನು ನೋಡಿದಳು. ಒಂದು ಕ್ಷಣ ಅವಳ ಮುಖದಲ್ಲಿ, ತಂಗಿಗೆ ಆಮೇಲೂ ಮರೆಯಲಾಗದಂಥ, ಮೆಚ್ಚುಗೆಯಂಥದ್ದೊಂದು ಕಂಡಿತು. ಬಾಯಿ ತೆರೆದಳು. ಅಣ್ಣ ಎರಡು ಬೆರಳಿನಿಂದ ಹಲ್ಲಿನ ಸೆಟ್ಟು ಕಿತ್ತು, ಅಂಗಿಗೆ ಒರೆಸಿ, ಗೂಡಿನೊಳಗಿಟ್ಟು ಒತ್ತಿದ. ಕೊಕ್ಕೆ ಬಿತ್ತು. ಅಕ್ಕನ ಕೆನ್ನೆ ಒಳಕ್ಕೆ ಹೋಯಿತು.

"ಶುರು ಮಾಡು" ಎಂದು ಸ್ಟೂಲು ಎಳೆದು ಕೂತ. ಅದೇ ಸ್ಟೂಲು.

ಅಕ್ಕನ ಎಡಗೈ ಮೇಲೆದ್ದಿತು. ಎದ್ದ ಕೈ ನಡುಗುತ್ತಿತ್ತು.

ಬೆಳಗಿನ ಹೊತ್ತು ಈ ಕೈ ಹೀಗೆ ನಡುಗಿದ್ದೇ ಇಲ್ಲ. ತಂಗಿ ಕೈಯ ಬಲ ಅಳೆದಿದ್ದಳು, ಬೆರಳಿನ ಉದ್ದ ಅಳೆದಿದ್ದಳು, ಹಾಸಿಗೆಯಿಂದ ಗೂಡಿಗಿರುವ ದೂರ ಅಳೆದಿದ್ದಳು. ಜನ ಸುತ್ತ ನಿಂತು ನೋಡುವಾಗ ಅದೇ ಕೈ ಏನಾಗುತ್ತದೆ ಎಂಬುದನ್ನು ಅಳೆದಿರಲಿಲ್ಲ. ಬಾಳಿಡೀ ಬಾಗಿಲ ಸಂದಿಯಿಂದ ಎಲ್ಲರನ್ನೂ ನೋಡಿಕೊಂಡೇ ಬದುಕಿದ ತನಗೆ ಅದು ಹೊಳೆಯಬೇಕಿತ್ತು.

ಗಿಣ್ಣು ಮುಟ್ಟಿತು. ಗೂಡು ತೆರೆಯಿತು. ಹಲ್ಲು ಕಂಡಿತು. ಹಿಂದಕ್ಕೆಳೆಯುವ ಮೊದಲೇ ಕೈ ಅದುರಿ ಗೂಡಿಗೆ ಇನ್ನೊಮ್ಮೆ ತಾಗಿತು. ಗೂಡು ಮುಚ್ಚಿಕೊಂಡಿತು.

"ಅರೆ!" ಎಂದಳು ಮೇಲ್ವಿಚಾರಕಿ.

ಮತ್ತೆ ತೆರೆಯಿತು. ಮತ್ತೆ ಮುಚ್ಚಿತು. ಒಮ್ಮೆ ಅಕ್ಕನ ಬೆರಳು ಒಳಗೇ ಇತ್ತು. ಗೂಡು ಅದನ್ನು ಮೆಲ್ಲಗೆ ಕಚ್ಚಿ ಹಿಡಿಯಿತು. ಕೈಲಾಗದ ಕೈಗೆಂದು ಸ್ಪ್ರಿಂಗನ್ನು ಎಷ್ಟು ಹಗುರ ಮಾಡಿದ್ದಳೋ ಅಷ್ಟೇ ಸುಲಭವಾಗಿ ಅದು ನಡುಕಕ್ಕೆ ಮಣಿಯುತ್ತಿತ್ತು. ಗೂಡು ಹೊರಗಿಣುಕಿ, ಅಣಕಿಸಿ, ಒಳಗೆ ಓಡುತ್ತಿತ್ತು.

ಅಣ್ಣ ತೊಡೆ ತಟ್ಟಿ ನಕ್ಕ. "ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತಾರೆ. ನಮ್ಮಕ್ಕಂಗೆ ಹಲ್ಲೂ ಇದೆ, ಬಾಯೂ ಇದೆ, ಎರಡಕ್ಕೂ ಭೇಟಿ ಮಾತ್ರ ಇಲ್ಲ!"

ಅಕ್ಕ ಏನೋ ಅಂದಳು. ಗಾಳಿ ಬಂತು.

"ಅಣ್ಣಾ, ಕೊಕ್ಕೇನ ಸ್ವಲ್ಪ ಸರಿ ಮಾಡ್ತೀನಿ" ಎಂದು ತಂಗಿ ಸ್ಕ್ರೂಡ್ರೈವರಿಗೆ ಕೈ ಹಾಕಿದಳು.

"ಮುಟ್ಟಿದ್ರೆ ನೋಡು. ಪರೀಕ್ಷೆ ನಡೀವಾಗ ಮುಟ್ಟಬಾರದು. ಯಾರ ನಿಯಮ ಅದು? ಕೇಳು ಅವಳನ್ನೇ. ಮಾಡಿದ್ದುಣ್ಣೋ ಮಹಾರಾಯ."

ಅಕ್ಕ ಕೈ ಕೆಳಗಿಟ್ಟಳು. ಅಳಲಿಲ್ಲ. ತಂಗಿಯ ಕಡೆ ತಿರುಗಿ ಕೂತಳು. ಅವಳು ಕಾಯುತ್ತಿದ್ದಾಳೆ ಎಂದು ತಂಗಿಗೆ ಗೊತ್ತಾಯಿತು. ಹೇಳಬೇಕಾದ ಮಾತು ಗಂಟಲಲ್ಲಿ ತಯಾರಿತ್ತು: ನೀವೆಲ್ಲ ಹೊರಗೆ ಹೋಗಿ, ಬಾಗಿಲಾಚೆ ನಿಲ್ಲಿ, ಒಬ್ಬಳೇ ಇದ್ದರೆ ಅವಳು ತೆಗೆಯುತ್ತಾಳೆ. ಅಷ್ಟೇ. ಒಂದೇ ಉಸಿರಿನ ಮಾತು.

ಅಷ್ಟರಲ್ಲಿ ಮೇಲ್ವಿಚಾರಕಿ ಮಂಚದ ಪಕ್ಕ ಬಗ್ಗಿ ಗೂಡನ್ನು ಒತ್ತುತ್ತಿದ್ದಳು. ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. "ಎಷ್ಟು ಚೆಂದ ತಿರುಗತ್ತೆ ಇದು! ಯಾರು ಮಾಡಿದ್ದು?"

"ನನ್ನ ತಂಗಿ. ಕಾಲೇಜು ಓದಿದವಳು" ಎಂದ ಅಣ್ಣ. ಹೊರಗಿನವರ ಮುಂದೆ ಅವನು ಈ ಮಾತು ಹಿಂದೆಂದೂ ಹೇಳಿರಲಿಲ್ಲ.

"ಒಳಗೆ ಏನಿದೆಯಮ್ಮಾ? ಸ್ಪ್ರಿಂಗಾ?"

ತಂಗಿ ಬಾಯಿ ತೆರೆದಳು. "ಹೌದು ಮೇಡಂ. ಸರಳಿನ ಸುತ್ತ ಸುರುಳಿ ಸ್ಪ್ರಿಂಗು" ಎಂದಳು. ಒಮ್ಮೆ ಶುರುವಾದ ಮಾತು ನಿಲ್ಲಲಿಲ್ಲ. ಕೊಕ್ಕೆ ಹೇಗೆ ಬಿಡುತ್ತದೆ, ಹೇಗೆ ಹಿಡಿಯುತ್ತದೆ, ಗೂಡು ಧಡಕ್ಕನೆ ಬಡಿಯದಂತೆ ಸರಳಿಗೆ ಎಂಥ ಗಟ್ಟಿ ಗ್ರೀಸು ತುಂಬಿದೆ, ಎಲ್ಲ ಹೇಳಿದಳು. ಮೇಲ್ವಿಚಾರಕಿ ತಲೆದೂಗುತ್ತ ಕೇಳಿದಳು. ಅಕ್ಕನ ಹಲ್ಲು ತೆರೆದ ಗೂಡಿನಲ್ಲಿ, ಮಾತಾಡುವವಳ ಮೊಣಕೈಯ ಪಕ್ಕದಲ್ಲೇ ಇತ್ತು.

"ನಮಗೂ ಇಂಥದ್ದೇ ಬೇಕು. ಎಲ್ಲ ಮಂಚಕ್ಕೂ" ಎಂದಳು ಮೇಲ್ವಿಚಾರಕಿ. "ಆದ್ರೆ ಸ್ವಲ್ಪ ಬಿಗಿ ಮಾಡಿಕೊಡಿ. ನಮ್ಮ ಆಯಾಗಳ ಕೈಗೆ ತೆರೀಬೇಕು, ಇವರ ಕೈಗೆ ತೆರೀಬಾರದು. ಮಾತ್ರೆ ತಿಂದ್ಬಿಡ್ತಾರೆ, ಹಲ್ಲು ಕಳ್ಕೋತಾರೆ, ಒಂದೊಂದಲ್ಲ ತಾಪತ್ರಯ."

"ಮಾಡ್ತಾಳೆ ಬಿಡಿ" ಎಂದ ಅಣ್ಣ.

ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿದರು. ಕೆಳಗೆ ಗರಗಸ ನಿಂತಿತ್ತು. ದಾಟುವಾಗ ಅವಳು ಅದರ ಕಡೆ ನೋಡಿದಳು. ಯಾರೂ ಅದನ್ನು ಓಡಿಸಿ ತೋರಿಸಲಿಲ್ಲ. ಗಾಡಿ ಹೊರಟ ಮೇಲೆ ಅಣ್ಣ ಸ್ಟೂಲನ್ನು ಹೆಗಲ ಮೇಲಿಟ್ಟು ಕೆಳಗೆ ತಂದ. "ಊಟಕ್ಕೆ ಏನಿದೆ?" ಎಂದ.

ಬಿಗಿ ಎಂದರೆ ಎಷ್ಟು ಬಿಗಿ ಎಂದು ತಂಗಿ ಹೆಚ್ಚು ಯೋಚಿಸಬೇಕಾಗಲಿಲ್ಲ. ಹಾಸಿಗೆ ಹಿಡಿದವರ ಕೈಬಲದ ಅಳತೆ ಅವಳ ಬಳಿಯೇ ಇತ್ತು. ಈರುಳ್ಳಿಯ ಮೇಲೆ ಇನ್ನೆರಡು ಈರುಳ್ಳಿ ಎಂದುಕೊಂಡು ದಪ್ಪ ತಂತಿಯ ಸ್ಪ್ರಿಂಗು ಸುತ್ತಿಸಿದಳು, ಕೊಕ್ಕೆಯನ್ನೂ ಅಷ್ಟೇ ಬಿಗಿಗೊಳಿಸಿದಳು. ಕೊಕ್ಕೆ ಬೀಳುವ ಸದ್ದು ಜಾಸ್ತಿ ಎಂದು ಅಕ್ಕ ಹೇಳಿದ್ದು ನೆನಪಾಗಿ ಅದಕ್ಕೊಂದು ರಬ್ಬರ್ ಅಂಟಿಸಿದಳು. ಬಣ್ಣವನ್ನೂ ಬದಲಿಸಿದಳು.

ಗೂಡುಗಳನ್ನು ಜೋಡಿಸಲು ವೃದ್ಧಾಶ್ರಮಕ್ಕೆ ಹೋದಾಗ ಅಕ್ಕನ ಮಂಚ ಕಿಟಕಿಯಿಂದ ದೂರ, ಗೋಡೆಯ ಕಡೆ ಇತ್ತು. ಆ ಕೋಣೆಯಲ್ಲಿ ಸದ್ದೇ ಇರಲಿಲ್ಲ. ಅಕ್ಕನ ಕೂದಲು ಗಿಡ್ಡ ಮಾಡಿದ್ದರು. ತಂಗಿ ಮಂಡಿಯೂರಿ ಗೂಡು ಜೋಡಿಸಿ ಎದ್ದ ಕೂಡಲೇ ಅಲ್ಲಿನ ಆಯಾ ಬಂದು ಅಕ್ಕನ ಬಾಯಿಂದ ಸೆಟ್ಟು ತೆಗೆದು ಒಳಗಿಟ್ಟು ಒತ್ತಿದಳು.

"ಊಟದ ಹೊತ್ತಿಗೆ ಕೊಡ್ತೀವಿ" ಎಂದಳು ಆಯಾ. "ಉಳಿದ ಹೊತ್ತಲ್ಲಿ ಕೊಟ್ರೆ ಬೈತಾನೇ ಇರ್ತಾರೆ ಅಜ್ಜಿ. ಅಬ್ಬಾ, ಅದೇನು ಬಾಯಿ!"

ಅಕ್ಕ ಎಡಗೈ ಎತ್ತಿದಳು. ಕೈ ನಡುಗಲಿಲ್ಲ, ಇಲ್ಲಿ ಅವಳ ಲೆಕ್ಕಕ್ಕೆ ಬರುವವರು ಯಾರೂ ಇರಲಿಲ್ಲ. ಗಿಣ್ಣಿನಿಂದ ಒತ್ತಿದಳು. ಗೂಡು ಕೂದಲೆಳೆಯಷ್ಟು ಒಳಗೆ ಹೋಗಿ ಹಾಗೇ ವಾಪಸ್ಸು ಬಂತು. ಕೊಕ್ಕೆ ಬಿಡಲಿಲ್ಲ. ಇನ್ನೊಮ್ಮೆ ಒತ್ತಿದಳು. ಆಮೇಲೆ ಉಗುರನ್ನು ಗೂಡಿನ ಸಂದಿಯುದ್ದಕ್ಕೂ, ಮೇಲಿಂದ ಕೆಳಗಿನವರೆಗೆ, ಕಪಾಟಿನ ಸಂದು ಪರೀಕ್ಷಿಸುತ್ತಿದ್ದ ಹಳೆಯ ಅಭ್ಯಾಸದಂತೆ ಎಳೆದಳು. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

ಕೈಯನ್ನು ಮಡಿಲಲ್ಲಿಟ್ಟುಕೊಂಡು ತಂಗಿಯ ಮುಖವನ್ನೇ ನೋಡುತ್ತ ಕೂತಳು. ತಂಗಿ ಸ್ಕ್ರೂಗಳನ್ನು ಡಬ್ಬಿಗೆ ಹಾಕಿದಳು, ಡಬ್ಬಿ ಮುಚ್ಚಿದಳು, ಮತ್ತೆ ತೆರೆದಳು. ಕನ್ನಡಕ ಮಂಜಾಯಿತು. ಅದರ ಕೆಳಗಿನಿಂದ ನೀರು ಇಳಿದು ಗಲ್ಲಕ್ಕೆ ಬಂತು.

ಆಗ ಅಕ್ಕ ಒಮ್ಮೆ, ಸ್ಟೂಲಿನ ಮೇಲಿಂದ ಆಡಿಸುತ್ತಿದ್ದಂತೆಯೇ, ತಲೆಯಾಡಿಸಿದಳು.

"ಇದಾಯ್ತಲ್ಲ ಮೇಡಂ? ಈ ಕಡೆ ಬನ್ನಿ" ಎಂದು ಆಯಾ ಪಕ್ಕದ ಮಂಚವನ್ನು ಗೋಡೆಯಿಂದ ಎಳೆದಳು. ತಂಗಿ ಕನ್ನಡಕ ಒರೆಸಿಕೊಂಡು ಸ್ಕ್ರೂಡ್ರೈವರ್ ಎತ್ತಿಕೊಂಡಳು.