ಬಾಗಿಲಿಗೆ ಅಡ್ಡ ಹಾಸು

ಬೆಟಗೇರಿಯ ನೇಕಾರ ಓಣಿಯ ಅಂಗನವಾಡಿಗೆ ಬೀಗ ಹಾಕಲು ಅಧಿಕಾರಿ ಸುನಿಲಕುಮಾರ ಬಂದಾಗ, ಅದೇ ಓಣಿಯಲ್ಲಿ ಸೀರೆ ನೇಯುವ ಸಾವಂತ್ರೆವ್ವ ಹೊಸ್ತಿಲಿಗೆ ಅಡ್ಡವಾಗಿ ಕೂತಿದ್ದಳು. ಮಡಿಲಲ್ಲಿ ಮಗ್ಗದಿಂದ ಬಿಚ್ಚಿ ತಂದ, ಎಳೆ ಹಾಯಿಸುವ ಬಾಚಣಿಗೆಯಂಥ ಅಚ್ಚು. ಅದರಲ್ಲುಳಿದ ಹಳೆಯ ತುದಿಗಳಿಗೆ ಹೊಸ ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲಿನ, ಎಳೆಗಳನ್ನು ಒಂದೊಂದಾಗಿ ಹೊಸೆದು ಕೆಚ್ಚುತ್ತಿದ್ದಳು. ಎರಡು ಸಾವಿರ ಎಳೆ. ನಡುವೆ ಎದ್ದರೆ ಎಲ್ಲ ಸಿಕ್ಕು.

ಸುನಿಲಕುಮಾರನೂ ನೇಕಾರರ ಮಗನೇ. ಹಾಸು ದಾಟಬಾರದೆಂದು ಕೇಳಿ ಬೆಳೆದವನಿಗೆ ಕಾಲೇಳಲಿಲ್ಲ. ಚಪ್ಪಲಿ ಕಳಚಿ ದೂರವೇ ನಿಂತ.

“ಅವ್ವಾರ, ಬೇಕಂತಲೇ ಇಲ್ಲಿ ಕುಂತೀರಿ.”

“ಹೌದ್ರಿ, ಬೇಕಂತಲೇ.”

“ಈ ಖೋಲಿ ಗೋದಾಮಿಗೆ ಬೇಕಾಗೇತಿ. ಹುಡುಗೂರನ್ನ ಸ್ಟೇಷನ್ ಕಡೆ ಕೇಂದ್ರಕ್ಕ ಕಳಸ್ರಿ.”

“ನಾಕು ವರ್ಷದ ಕಾಂಚನಾ ಅಷ್ಟು ದೂರ ಒಬ್ಬಾಕಿನ ಹೋಗ್ತಾಳೇನು?”

“ನೀವು ಬಿ.ಎ. ಓದಿದವರು. ಶಿಕ್ಷಣದ ಹಕ್ಕು ಆರು ವರ್ಷದಿಂದ ಮ್ಯಾಲೆ. ಅದಕ್ಕಿಂತ ಸಣ್ಣವರದು ಸಂವಿಧಾನದಾಗ ಬರೇ ನಿರ್ದೇಶಕ ತತ್ವ. ಅದಕ್ಕ ಕೋರ್ಟಿಗೆ ಹೋಗಾಕ ಬರಂಗಿಲ್ಲ.”

“ಖರೆ. ಆದ್ರ ಅದರ ಮುಂದಿನ ಮಾತು ಯಾಕ ನುಂಗಿದ್ರಿ? ಅವನ್ನ ಪಾಲಿಸೂದು ಸರ್ಕಾರದ ಕರ್ತವ್ಯ ಅಂತ ಅಲ್ಲೇ ಬರದಾರ.”

ಮಕ್ಕಳ ಪುಟ್ಟ ಚಪ್ಪಲಿಗಳನ್ನು ಬಿಸಿಲಿನಿಂದ ನೆರಳಿಗೆ ಸರಿಸುತ್ತಿದ್ದ ಜೀಪಿನ ಡ್ರೈವರ್ ರಹಮಾನಸಾಬ ಮುಖ ತಿರುಗಿಸಿ ನಕ್ಕ. ಸಾವಂತ್ರೆವ್ವ ಅದನ್ನು ಕಂಡಳು. ಚಪ್ಪಲಿ ಸರಿಸಿದ್ದನ್ನೂ ಕಂಡಳು.

ಪಾಟಿಚೀಲ ಹೊತ್ತು ನಿಂತಿದ್ದ ರೋಹಿಣಿಯನ್ನು ಕರೆದಳು. ಕಾಂಚನಾಳ ಅಕ್ಕ, ಮೂರನೇ ಇಯತ್ತೆ.

“ಇದಕ್ಕ ಬೀಗ ಬಿದ್ರ ತಂಗಿನ್ನ ಯಾರು ನೋಡ್ಕೋತಾರವಾ?”

“ನಾನ. ಅವ್ವ ಮಗ್ಗದಾಗ ಇರ್ತಾಳ.”

“ಮತ್ತ ಸಾಲಿ?”

ಹುಡುಗಿ ಪಾಟಿಚೀಲ ಕಳಚಿ ನೆಲಕ್ಕಿಟ್ಟಳು.

“ಕೇಳಿದ್ರಲ್ಲ ಸಾಹೇಬ್ರ. ಈಕಿಗೆ ಎಂಟು ವರ್ಷ. ಈಕಿದು ಹಕ್ಕು. ತಂಗಿದು ಹರದ್ರ ಅಕ್ಕಂದೂ ಹರೀತೈತಿ. ಅಂಗನವಾಡಿ ಅನ್ನೂ ಹಳಿ ತುದಿ ಕತ್ತರಿಸಿ, ಸಾಲಿ ಅನ್ನೂ ಹೊಸಾ ಹಾಸು ಎದಕ್ಕ ಕೂಡಸ್ತೀರಿ? ಈಕಿ ಹೆಸರಿನಾಗ ಅರ್ಜಿ ಬರದೇನಿ, ತಗೋರಿ. ನೀವು ಬೀಗ ಹಾಕಿದ್ರ ಇದ ಕೋರ್ಟಿಗೆ ಹೋಗ್ತೈತಿ. ಇದು ಹೋಗಾಕ ಬರ್ತೈತಿ.”

ಸುನಿಲಕುಮಾರ ನಿಂತಲ್ಲೇ ಅರ್ಜಿಯನ್ನು ಎರಡು ಸಲ ಓದಿದ. ಬೀಗ ಚೀಲದೊಳಗೆ ಹೋಯಿತು.

“ಮ್ಯಾಲಿನವರಿಗೆ ಕೊಡ್ತೀನ್ರಿ. ಅವರು ಒಪ್ಪದಿದ್ರ ನಾಳೆ ಮತ್ತ ಬರಬೇಕಾಗ್ತೈತಿ.”

“ಬರ್ರಿ. ನನ್ನ ಹಾಸು ಮುಗದ್ರ ಇವರವ್ವ ಕಲ್ಪನಾಂದು ತಂದು ಕುಂಡ್ರತೀನಿ. ಅದು ಮುಗದ್ರ ಇಡೀ ಓಣೀದು ಐತಿ.”

ಹೊರಡುವ ಮುನ್ನ ಅವನು ಬಾಗಿ, ಹೊಸ್ತಿಲಾಚೆ ಜಾರಿದ್ದ ಒಂದು ಎಳೆಯನ್ನೆತ್ತಿ ಅವಳ ಬೆರಳಿಗೆ ಕೊಟ್ಟ. ಸಾವಂತ್ರೆವ್ವ ಅದನ್ನೂ ಕೆಚ್ಚಿದಳು. ಜಾಗ ಬಿಡಲಿಲ್ಲ.